ನಾನು ಸತ್ತ ಮೇಲೆ ಈ ಕಡ್ಡಿಗಳು ಯಾರ ಕೈಗೆ

ಬೀಗ ತೆಗೆಯುವ ಕಸುಬಿಗೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು, ಎಂಥ ಬೀಗವನ್ನಾದರೂ ತೆಗೆಯುವಷ್ಟು ಕೈ ಪಳಗಲು ಎಷ್ಟು ಕಾಲ ಬೇಕು ಎಂದು. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಬೇರೆ ಒಂದು ಸಂಗತಿ ಹೇಳುತ್ತೇನೆ. ಬೀಗದ ಕೈ ಕಳೆದುಕೊಂಡು ಬೀದಿಯಲ್ಲಿ ನಿಂತವರು, ನೀವು ಬಾಗಿಲು ತೆಗೆದುಕೊಟ್ಟ ಕೂಡಲೇ ಕೈಮುಗಿಯುತ್ತಾರೆ, ಒಳಗೆ ಕೂರಿಸಿ ಕಾಫಿ ಕೊಡುತ್ತಾರೆ. ಮಾರನೆಯ ದಿನ ಅದೇ ಬಾಗಿಲಿಗೆ ಹೊಸ ಬೀಗ ಹಾಕಿಸುತ್ತಾರೆ. ಹಾಕುವುದಕ್ಕೆ ನಿಮ್ಮನ್ನು ಮಾತ್ರ ಕರೆಯುವುದಿಲ್ಲ.

ಇದರಿಂದ ನನಗೆ ಯಾವತ್ತೂ ಬೇಸರವಾಗಲಿಲ್ಲ. ನನ್ನ ಕಸುಬನ್ನು ಕಂಡರೆ ನನಗೇ ಭಯವಿತ್ತು. ಕೆಲಸದಲ್ಲಿ ಇರುವಷ್ಟು ದಿನ ಆ ಭಯ ಒಂದು ಹದದಲ್ಲಿತ್ತು. ನಿವೃತ್ತನಾಗಿ, ನಾನು ಹೋದ ಮೇಲೆ ನನ್ನ ಸಾಮಾನುಗಳ ಗತಿ ಏನು ಎಂದು ಯೋಚಿಸಲು ಶುರುಮಾಡಿದಾಗ ಹದ ತಪ್ಪಿತು. ಅದು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎನ್ನುವುದನ್ನು ಈ ಕಸುಬಿನವರು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಕಡಕೊಳದ ಆಚೆಯ ಹಳ್ಳಿಯೊಂದರ ಒಕ್ಕಲು ಮನೆ. ಐಟಿಐನಲ್ಲಿ ಫಿಟ್ಟರ್ ಓದಿ ಮೈಸೂರಿಗೆ ಬಂದವನಿಗೆ ತಿಜೋರಿ ಮಾರುವ ಕಂಪನಿಯ ರಿಪೇರಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಬ್ಯಾಂಕಿನ ಲಾಕರು, ಒಡವೆ ಅಂಗಡಿಯ ತಿಜೋರಿ, ಹಳೆಯ ಮನೆಗಳ ಗೋಡೆಯಲ್ಲಿ ಹುದುಗಿಸಿದ ಕಬ್ಬಿಣದ ಪೆಟ್ಟಿಗೆ, ಯಾವುದರ ಬೀಗ ಕೆಟ್ಟರೂ, ಬೀಗದ ಕೈ ಕಳೆದರೂ ನಾವು ಹೋಗಬೇಕು. ನನಗೆ ಕೆಲಸ ಕಲಿಸಿದವರು ರಾಜೀವನಗರದ ಗಫೂರ್ ಸಾಹೇಬರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಬೀಗದೊಳಗೆ ಇಳಿಬಿಟ್ಟು ತಡಕುವ ತೆಳ್ಳನೆಯ ಉಕ್ಕಿನ ಸಲಕರಣೆಗಳಿಗೆ ನಮ್ಮಲ್ಲಿ ಕಡ್ಡಿ ಎಂದೇ ಹೆಸರು. ಅಂಗಡಿಯಲ್ಲಿ ಸಿಗುವ ಮಾಲಲ್ಲ. ಪ್ರತಿಯೊಬ್ಬನೂ ತನ್ನ ಕೈಗೆ ಹೊಂದುವಂತೆ ಅರದಲ್ಲಿ ತೀಡಿ ಮಾಡಿಕೊಳ್ಳಬೇಕು. ಉಸ್ತಾದರು ತಮ್ಮ ಕಡ್ಡಿಗಳಿಗೆ ಹಿತ್ತಾಳೆ ಹಿಡಿ ಕೂರಿಸಿ, ಹಿಡಿಯ ತುದಿಗೆ ಗೆರೆ ಕೊರೆದಿರುತ್ತಿದ್ದರು. ನಾನು ನನ್ನವಕ್ಕೆ ಬೀಟೆಮರದ ಹಿಡಿ ಹಾಕಿದೆ.

ಉಸ್ತಾದರು ಕಲಿಸಿದ್ದರಲ್ಲಿ ಬೀಗಕ್ಕೆ ಸಂಬಂಧಪಟ್ಟದ್ದು ಅರ್ಧ. ಉಳಿದರ್ಧ ನಮ್ಮ ಕುತ್ತಿಗೆ ಉಳಿಸಿಕೊಳ್ಳುವುದಕ್ಕೆ ಸಂಬಂಧಪಟ್ಟದ್ದು. ತಿಜೋರಿ ಇನ್ನೇನು ಬಿಚ್ಚಿಕೊಳ್ಳುತ್ತದೆ ಎಂದು ಕೈಗೆ ಗೊತ್ತಾದ ತಕ್ಷಣ ಎದ್ದು ಹಿಂದಕ್ಕೆ ಸರಿಯಬೇಕು, ಬಾಗಿಲನ್ನು ಮನೆಯವರೇ ಎಳೆಯಬೇಕು, ನಾವು ಗೋಡೆ ನೋಡಿಕೊಂಡು ನಿಲ್ಲಬೇಕು. ಕೋಣೆಯಲ್ಲಿ ಒಬ್ಬನೇ ಒಂದು ನಿಮಿಷವೂ ಇರಕೂಡದು. ಬಾಯಾರಿದರೆ ನೀರಿಗೆ ಯಾರನ್ನೂ ಕಳಿಸದೆ ಹಾಗೇ ತಡೆದುಕೊಳ್ಳಬೇಕು.

ಇದೆಲ್ಲ ಅತಿಯಾಯಿತು ಎಂದು ಮೊದಮೊದಲು ನನಗೆ ಅನಿಸುತ್ತಿತ್ತು. ಒಂದು ದಿನ ಅಗ್ರಹಾರದ ಕಡೆ ಒಂದು ದೊಡ್ಡ ಮನೆಗೆ ಹೋದೆವು. ಯಜಮಾನರು ತೀರಿಕೊಂಡಿದ್ದರು, ಬೀಗದ ಕೈ ಎಲ್ಲಿಟ್ಟಿದ್ದರೋ ಯಾರಿಗೂ ಗೊತ್ತಿಲ್ಲ. ಗಂಡುಮಕ್ಕಳು, ಸೊಸೆಯರು ಸುತ್ತ ಕೂತಿದ್ದರು. ಉಸ್ತಾದರು ತೆಗೆದು ಹಿಂದಕ್ಕೆ ಸರಿದರು. ಹಿರಿಮಗ ಬಾಗಿಲು ಎಳೆದ. ಒಳಗೆ ಏನೂ ಇರಲಿಲ್ಲ. ಅಷ್ಟೂ ಜನ ತಿರುಗಿ ನಮ್ಮಿಬ್ಬರನ್ನು ನೋಡಿದರು. ಬೆಳಗಿನಿಂದ ಅವರ ಕಣ್ಣೆದುರಿಗೇ ಇದ್ದೆವು, ಕೈಯಲ್ಲಿ ಕಡ್ಡಿ ಬಿಟ್ಟರೆ ಬೇರೆ ಇಲ್ಲ. ಅಷ್ಟರಲ್ಲಿ ಒಳಕೋಣೆಯಿಂದ ಯಜಮಾನರ ಹೆಂಡತಿ ಗೋಡೆ ಹಿಡಿದುಕೊಂಡು ಬಂದು, ಒಡವೆಗಳನ್ನು ಗಂಡನ ಚಿಕಿತ್ಸೆಗೆಂದು ತಾವಿಬ್ಬರೇ ಮಾರಿದೆವು, ಮಕ್ಕಳಿಗೆ ಹೇಳಲು ಬಾಯಿ ಬರಲಿಲ್ಲ ಎಂದರು. ಅವರು ಬಾರದೆ ಹೋಗಿದ್ದರೆ ನಮ್ಮ ಕತೆ ಏನಾಗುತ್ತಿತ್ತು ಎಂದು ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದೆ. ಉಸ್ತಾದರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು.

ನಮ್ಮ ಮ್ಯಾನೇಜರು ರಾಯರು ಇನ್ನೂ ಒಂದು ಕೈ ಮೇಲೆ. ಸಂಜೆ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿಸಿ ಪ್ರತಿಯೊಬ್ಬನ ಕಡ್ಡಿಗಳನ್ನೂ ಸಾಲಾಗಿ ಇಡಿಸಿ, ತಾವೇ ಎಣಿಸಿ ಕಪಾಟಿಗೆ ಹಾಕಿ ಬೀಗ ಜಡಿಯುತ್ತಿದ್ದರು. ಒಂದು ಕಡಿಮೆಯಾದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆಗ ಅವರನ್ನು ಹಿಂದಿನಿಂದ ಬೈದುಕೊಳ್ಳುತ್ತಿದ್ದೆವು. ಭಯವನ್ನು ಕಂಪನಿಯ ಕಪಾಟಿನಲ್ಲಿಟ್ಟು ಕೈ ಬೀಸಿಕೊಂಡು ಮನೆಗೆ ಹೋಗುವ ಸುಖ ಎಂಥದ್ದು ಎಂದು ತಿಳಿದದ್ದು ಬಹಳ ಕಾಲದ ಮೇಲೆ.

ಕೆಲಸದ ರೀತಿ ನಿಧಾನವಾಗಿ ಬದಲಾಯಿತು. ಬೆರಳಿನಲ್ಲಿ ಕೇಳಿ ತೆಗೆಯುವ ಬೀಗಗಳು ಹೋಗಿ ನಂಬರ್ ಒತ್ತುವವು ಬಂದವು. ಆಮೇಲೆ ಬೆರಳಚ್ಚಿನವು, ಈಗ ಫೋನಿನಿಂದಲೇ ತೆಗೆಯುವವು. ಮೈಸೂರಿನ ಶಾಖೆ ಮುಚ್ಚುವ ದಿನ ರಾಯರು ಕಪಾಟು ತೆಗೆದು, ಯಾರ ಕಡ್ಡಿ ಅವರು ತೆಗೆದುಕೊಂಡು ಹೋಗಿ ಎಂದರು. ಉಸ್ತಾದರು ತಮ್ಮವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ನಾನು ನನ್ನವನ್ನು ಟಿಫನ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಆಮೇಲೆ ಸ್ವಂತವಾಗಿ ಬಹಳ ವರ್ಷ ಕೆಲಸ ಮಾಡಿದೆ. ಶ್ರೀರಾಂಪುರದಲ್ಲಿ ಮನೆ ಕಟ್ಟಿ, ಹಿತ್ತಲಲ್ಲಿ ಒಂದು ಷೆಡ್ಡು ಹಾಕಿ, ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸು, ಡ್ರಿಲ್ಲು, ಕೀ ಕತ್ತರಿಸುವ ಮೆಷಿನ್ನು, ಅರಗಳು, ಕಡ್ಡಿಗಳು ಎಲ್ಲವನ್ನೂ ಅದರಲ್ಲಿಟ್ಟೆ. ಕಣ್ಣು ಮಂಜಾಗಿ, ಬೆರಳು ಅದುರಲು ಶುರುವಾದಾಗ ಕೆಲಸ ನಿಲ್ಲಿಸಿದೆ.

ಉಸ್ತಾದರು ತೀರಿಕೊಂಡು ಕೆಲವು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಪೇದೆಯೊಬ್ಬರು ನಮ್ಮ ಗೇಟಿನ ಹತ್ತಿರ ಬೈಕು ನಿಲ್ಲಿಸಿ, ಠಾಣೆಯಲ್ಲಿ ಸಾಹೇಬರು ಕರೆಯುತ್ತಿದ್ದಾರೆ ಎಂದರು. ಹಿಂದೆಲ್ಲ ಬಾಗಿಲು ತೆಗೆಸಲು ಪೊಲೀಸರು ನನ್ನನ್ನು ಕರೆದುಕೊಂಡು ಹೋದದ್ದುಂಟು. ಇದೂ ಅಂಥದ್ದೇ ಇರಬೇಕು ಎಂದು ಅಂಗಿ ಹಾಕಿಕೊಂಡು ಹೊರಟೆ.

ಠಾಣೆಯಲ್ಲಿ ಇನ್‌ಸ್ಪೆಕ್ಟರ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕಡ್ಡಿ ಇತ್ತು. ಹಿತ್ತಾಳೆ ಹಿಡಿ, ತುದಿಯಲ್ಲಿ ಗೆರೆ. ಗೋಡೆ ಪಕ್ಕದ ಬೆಂಚಿನ ಮೇಲೆ ಉಸ್ತಾದರ ಮಗ ಅನ್ವರ್ ತಲೆ ತಗ್ಗಿಸಿ ಕೂತಿದ್ದ. ಅವನು ಶಾಲೆ ಮಕ್ಕಳ ವ್ಯಾನು ಓಡಿಸುವವನು. ನನ್ನನ್ನು ನೋಡಿ ಏಳಲು ಹೋದ, ಪೇದೆ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

ಬೀಗ ಒಡೆಯದೆ, ಬಾಗಿಲು ಮುರಿಯದೆ ಒಂದು ಮನೆಯಲ್ಲಿ ಕಳ್ಳತನವಾಗಿತ್ತು. ಅಲ್ಲಿ ಈ ಕಡ್ಡಿ ಬಿದ್ದಿತ್ತು. ಊರಿನ ಕೀ ಅಂಗಡಿಯವರು ನೋಡಿ ಇದು ಗಫೂರ್ ಸಾಹೇಬರದು ಎಂದಿದ್ದರು. ನೀವು ಅವರ ಶಿಷ್ಯರಂತೆ, ಹೌದೋ ಅಲ್ಲವೋ ಹೇಳಿ ಎಂದು ಇನ್‌ಸ್ಪೆಕ್ಟರು ಕೇಳಿದರು. ನನಗೆ ಗೊತ್ತಿಲ್ಲ ಎಂದುಬಿಡುವ ಆಸೆ ಗಂಟಲವರೆಗೆ ಬಂತು. ಗೊತ್ತು ಎಂದರೆ ನಾನೂ ಆ ಬೆಂಚಿಗೇ ಸೇರುತ್ತೇನೆ ಎನಿಸಿತು. ಅನ್ವರನ ಕತ್ತು ಇನ್ನೂ ಬಗ್ಗಿಯೇ ಇತ್ತು.

"ಉಸ್ತಾದರದ್ದೇ ಸಾರ್," ಎಂದೆ. "ಆದ್ರೆ ಈ ಹುಡುಗನಿಗೆ ಅದನ್ನ ಹಿಡಿಯೋಕೂ ಬರಲ್ಲ."

ಇನ್‌ಸ್ಪೆಕ್ಟರು ಚೀಲವನ್ನು ನನ್ನ ಕಡೆ ತಳ್ಳಿ ಮೆಲ್ಲಗೆ ಕೇಳಿದರು: "ನಿಮಗೆ ಬರುತ್ತಲ್ವಾ?"

ನನ್ನನ್ನೂ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಹೋಗುವವರು ಬರುವವರು ನೋಡುತ್ತಿದ್ದರು, ಅಷ್ಟೇ. ಆಮೇಲೆ ಸಂಗತಿ ಹೊರಬಿತ್ತು. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅನ್ವರ್ ಅಪ್ಪನ ಟ್ರಂಕನ್ನು, ಒಳಗೆ ಏನಿದೆ ಎಂದೂ ಸರಿಯಾಗಿ ನೋಡದೆ, ಗುಜರಿಯವನಿಗೆ ಹಾಕಿದ್ದ. ಗುಜರಿಯವನು ಕಬ್ಬಿಣವನ್ನು ಕಬ್ಬಿಣಕ್ಕೆ, ಹಿತ್ತಾಳೆಯನ್ನು ಹಿತ್ತಾಳೆಗೆ ಬೇರೆ ಮಾಡುತ್ತಿದ್ದಾಗ ಅದು ಏನೆಂದು ಗೊತ್ತಿದ್ದ ಯಾರೋ ಎತ್ತಿಕೊಂಡು ಹೋಗಿದ್ದರು. ಕಳ್ಳರು ಸಿಕ್ಕಿದ್ದು ಇನ್ನೂ ತಡವಾಗಿ. ಅಷ್ಟು ಹೊತ್ತಿಗೆ ಅನ್ವರನ ವ್ಯಾನಿನಿಂದ ಮಕ್ಕಳನ್ನು ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಬಿಡಿಸಿಕೊಂಡಿದ್ದರು.

ನೋಡಿಕೊಂಡು ಬರೋಣವೆಂದು ರಾಜೀವನಗರಕ್ಕೆ ಹೋದಾಗ ಉಸ್ತಾದರ ಹೆಂಡತಿ ಬಾಗಿಲಲ್ಲೇ ಕೂತಿದ್ದರು. ಅವರು ಅಳಲಿಲ್ಲ. "ಹೋಗೋ ಮುಂಚೆ ಒಂದು ಮಾತು ಹೇಳಿ ಹೋಗಿದ್ರೆ ಸಾಕಿತ್ತಲ್ಲಪ್ಪ ಶಿವಣ್ಣ," ಎಂದರು. "ಇದು ಇಂಥದ್ದು, ಇದನ್ನ ಹಿಂಗೆ ಮಾಡಿ ಅಂತ. ನಮ್ಗೆ ಏನ್ ಗೊತ್ತು?"

ಆ ಮಾತು ನನ್ನ ಎದೆಯಲ್ಲಿ ಕೂತಿತು. ಅವತ್ತಿನಿಂದ ಪೇಪರಿನಲ್ಲಿ ಕಳ್ಳತನದ ಸುದ್ದಿ ಹುಡುಕಿ ಓದತೊಡಗಿದೆ. ಬಾಗಿಲು ಮುರಿದು ಎಂದಿದ್ದರೆ ಸಮಾಧಾನ. ಬಾಗಿಲು ತೆರೆದು ಎಂದಿದ್ದರೆ ಚಪ್ಪಲಿ ಹಾಕಿಕೊಂಡು ಷೆಡ್ಡಿಗೆ ಹೋಗಿ ನನ್ನ ಕಡ್ಡಿಗಳನ್ನು ಮುಟ್ಟಿ ಮುಟ್ಟಿ ನೋಡಿ ಬರುತ್ತಿದ್ದೆ. ನಾನು ಸತ್ತ ಮೇಲೆ ನನ್ನ ಮಗಳು ಸುಮಾ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಂತೆ ಕಣ್ಣಿಗೆ ಕಟ್ಟುತ್ತಿತ್ತು. ಅವಳು ಇಲ್ಲೇ ಕುವೆಂಪುನಗರದಲ್ಲಿ ಸಂಸಾರ ಮಾಡಿಕೊಂಡು, ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಅವಳಿಗೆ ಹೇಳಿದರೆ, ಅಪ್ಪಾ, ಯಾರಿಗಾದರೂ ಕೊಟ್ಟುಬಿಡಿ ಎಂದಳು. ಆ ಯಾರಿಗಾದರೂ ಎನ್ನುವುದೇ ನನ್ನ ಸಂಕಟ ಎಂದು ಅವಳಿಗೆ ಬಿಡಿಸಿ ಹೇಳಲು ಆಗಲಿಲ್ಲ.

ಐಟಿಐಗೆ ಹೋಗಿ ಕೇಳಿದೆ. ಅಲ್ಲಿನ ಮೇಷ್ಟ್ರು ವೈಸು, ಅರ, ಡ್ರಿಲ್ಲು ಎಲ್ಲಕ್ಕೂ ಸಂತೋಷಪಟ್ಟರು. ಕಡ್ಡಿಗಳನ್ನು ತೋರಿಸಿದಾಗ ಮುಖ ಗಂಟಿಕ್ಕಿ, ಇವನ್ನು ಹುಡುಗರ ಕೈಗೆ ಕೊಟ್ಟು ನಾನು ಕೆಲಸ ಕಳಕೊಳ್ಳಲಾ ಎಂದು ಕೇಳಿದರು. ಅವರು ಹೇಳಿದ್ದು ಸರಿಯೇ. ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣ ಎರಕ ಹೊಯ್ಯುವ ಕಡೆ ನನಗೆ ಪರಿಚಯದ ಮೇಸ್ತ್ರಿ ಒಬ್ಬನಿದ್ದ. ಬಿಟ್ಟು ಹೋಗಿ, ನಾಳೆ ಕುಲುಮೆಗೆ ಹಾಕುತ್ತೇನೆ ಎಂದ. ನನ್ನ ಕಣ್ಣೆದುರಿಗೇ ಹಾಕು ಎಂದೆ. ಇವತ್ತು ಕುಲುಮೆ ಹಚ್ಚಿಲ್ಲ ಎಂದ. ಒಂದು ರಾತ್ರಿ ಅವು ಅಲ್ಲಿ ಬಿದ್ದಿರುವುದನ್ನು ನೆನೆಸಿಕೊಂಡು ಚೀಲ ಎತ್ತಿಕೊಂಡು ವಾಪಸು ಬಂದೆ. ಇನ್ನೊಂದು ದಿನ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ. ಹೊಳೆಯ ಸೇತುವೆ ಮೇಲೆ ಚೀಲದ ಬಾಯಿ ಬಿಚ್ಚಿ ನಿಂತೆ. ಕೆಳಗೆ ಒಬ್ಬ ಬಲೆ ಎಳೆಯುತ್ತಿದ್ದ. ಅವನ ಬಲೆಗೆ ಮೀನಿನ ಜೊತೆ ನನ್ನ ಕಡ್ಡಿಗಳು ಬಂದು, ಅವನು ಸಂತೆಯಲ್ಲಿ ಮಾರಿ, ಅದು ಯಾರದೋ ಕೈ ಸೇರಿ... ಅಲ್ಲಿಂದಲೂ ವಾಪಸು ಬಂದೆ.

ನಿಜ ಹೇಳಬೇಕೆಂದರೆ, ಎಸೆಯಲು ಮನಸ್ಸೂ ಇರಲಿಲ್ಲ. ನನ್ನ ಬೆರಳುಗಳು ಸವೆಸಿದ ಹಿಡಿಗಳು ಅವು. ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ಒಳಗೆ ಸಿಕ್ಕಿಬಿದ್ದ ಮಕ್ಕಳನ್ನು, ಜ್ವರ ಬಂದು ಒಳಗೇ ಬಿದ್ದುಹೋದ ಮುದುಕರನ್ನು ಅವುಗಳಿಂದ ಹೊರಗೆ ತಂದಿದ್ದೆ. ಕರಗಿಸಿಬಿಟ್ಟರೆ ನಾನು ಏನೂ ಮಾಡಲೇ ಇಲ್ಲ ಎಂದಂತೆ ಆಗುತ್ತಿತ್ತು.

ಈ ಹೊತ್ತಿನಲ್ಲೇ ನಿಂಗರಾಜು ಬರಲು ಶುರುಮಾಡಿದ್ದು. ಟಿ. ನರಸೀಪುರದ ಕಡೆಯವನು, ನಲವತ್ತರ ಆಸುಪಾಸು. ಶ್ರೀರಾಂಪುರದ ಮುಖ್ಯರಸ್ತೆಯಲ್ಲಿ ಒಂದು ಪೆಟ್ಟಿ ಅಂಗಡಿ ಇಟ್ಟುಕೊಂಡು ಕೀ ಮಾಡಿಕೊಡುತ್ತಿದ್ದ. ಅಂಗಡಿಯ ಮುಂದೆ ಒಂದು ದೊಡ್ಡ ತಗಡಿನ ಕೀ, ಒಳಗೆ ಬುದ್ಧನ ಪಟ. ದಿನವೂ ಅದರ ಮುಂದೆಯೇ ಹಾದುಹೋಗುತ್ತಿದ್ದೆನಾದರೂ ಮಾತಾಡಿಸಿರಲಿಲ್ಲ. ಒಂದು ದಿನ ನಾನು ಮಾತ್ರೆ ತರಲು ಹೋಗಿದ್ದಾಗ ಮನೆಗೆ ಬಂದು, ಯಜಮಾನರು ಸಾಮಾನುಗಳನ್ನು ಕೊಡುತ್ತಾರಾ ಎಂದು ನನ್ನ ಹೆಂಡತಿ ಗೌರಮ್ಮನನ್ನು ಕೇಳಿ, ನಂಬರು ಬರೆದುಕೊಟ್ಟು ಹೋದ. ಅವಳು ಕಾಫಿ ಬೇರೆ ಕೊಟ್ಟಿದ್ದಳು. ನಾನು ಕೂಗಾಡಿದೆ. ಎರಡನೆಯ ಸಲ ಬಂದಾಗ ಗೇಟಿನಲ್ಲೇ ತಡೆದು, ನನ್ನ ಹತ್ತಿರ ಸಾಮಾನು ಇದೆ ಎಂದು ನಿನಗೆ ಯಾರು ಹೇಳಿದರು ಎಂದು ಕೇಳಿದೆ.

"ಊರಲ್ಲಿ ಕೀ ಮಾಡೋರಿಗೆಲ್ಲಾ ಗೊತ್ತು ಸಾರ್," ಎಂದ.

ಅವನು ಸಾಧಾರಣವಾಗಿ ಹೇಳಿದ ಮಾತು. ನನಗೆ ಹಾಗೆ ಕೇಳಿಸಲಿಲ್ಲ. ಇನ್ನೊಂದು ಸಲ ಈ ಕಡೆ ತಲೆ ಹಾಕಿದರೆ ಪೊಲೀಸರಿಗೆ ಹೇಳುತ್ತೇನೆ ಎಂದೆ. ಅವನು ತಿರುಗಿ ಹೋದ. ಆಮೇಲೆ ನಾನು ಅಂಗಡಿಯ ಮುಂದೆ ಹೋಗುವಾಗ ಅವನು ತಲೆ ಎತ್ತಲಿಲ್ಲ.

ಎಲ್ಲರಿಗೂ ಗೊತ್ತು ಎಂದ ಮೇಲೆ ಷೆಡ್ಡಿನ ತಗಡಿನ ಬಾಗಿಲು ಸಾಲದು ಎನಿಸಿತು. ಕಬ್ಬಿಣದ ಬಾಗಿಲು ಮಾಡಿಸಿದೆ. ಚೌಕಟ್ಟನ್ನು ಕಾಂಕ್ರೀಟಿನಲ್ಲಿ ಕೂರಿಸಿದೆ. ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿಸಿ, ಸೂರಿನ ಹತ್ತಿರ ಗಾಳಿಗೆ ಒಂದು ಸಣ್ಣ ಜಾಲರಿ ಬಿಟ್ಟೆ. ಬೀಗವನ್ನು ನಾನೇ ಆರಿಸಿ, ನಾನೇ ತಿದ್ದಿ ಹಾಕಿದೆ. ಬಾಗಿಲು ಮುಚ್ಚಿದರೆ ತಾನಾಗಿ ಬೀಳುವ ಬೀಗ. ಸೂರು ಕಿತ್ತು ಇಳಿದವನೂ ಹೊರಗೆ ಬಾರದಿರಲಿ ಎಂದು ಒಳಗಿನಿಂದಲೂ ಬೀಗದ ಕೈ ಬೇಕಾಗುವಂತೆ ಮಾಡಿದೆ. ಇನ್ನೊಂದು ಬೀಗದ ಕೈಯನ್ನು ಮನೆಯಲ್ಲಿಟ್ಟರೆ ಯಾರಾದರೂ ಗೌರಮ್ಮನಿಂದ ಕಸಿದಾರು ಎಂದು ಅದನ್ನೂ ಷೆಡ್ಡಿನೊಳಗೆ ಕಡ್ಡಿಗಳ ಪೆಟ್ಟಿಗೆಯಲ್ಲೇ ಇಟ್ಟೆ. ಅವಳು ನೋಡಿ, "ಏನ್ ಜೈಲ್ ಕಟ್ಟಿಸ್ತಿದ್ದೀರಾ?" ಎಂದಳು. ಅವತ್ತು ರಾತ್ರಿ ನನಗೆ ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು.

ಕೆಲವು ವಾರಗಳ ನಂತರ, ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ಷೆಡ್ಡಿಗೆ ಹೋದೆ. ಬಾಗಿಲು ನನ್ನ ಹಿಂದೆ ಮುಚ್ಚಿ ಬೀಗ ಬಿತ್ತು. ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಪೆಟ್ಟಿಗೆ ಎಳೆದುಕೊಳ್ಳಲು ಬಗ್ಗಿದೆ. ಎದೆಯೊಳಗೆ ಯಾರೋ ವೈಸು ತಿರುಗಿಸಿದಂತೆ ಆಯಿತು. ಎಡಗೈ ನನ್ನದಲ್ಲ ಎನ್ನುವಂತೆ ಜೋತುಬಿತ್ತು. ನೆಲಕ್ಕೆ ಕುಸಿದೆ. ಮೈಯೆಲ್ಲ ಬೆವರು. ಮೊಳೆಯ ಮೇಲಿನ ಬೀಗದ ಕೈ ಕಾಣುತ್ತಿತ್ತು, ಏಳಲು ಆಗಲಿಲ್ಲ. ಕೂಗಿದರೆ ದನಿ ಹಲ್ಲಿನ ಆಚೆ ಹೋಗಲಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು, ಕಾಂಕ್ರೀಟು ಕಲಸುವ ಮೆಷಿನ್ನು ಗಡಗಡ ಎನ್ನುತ್ತಿತ್ತು.

ಆಗ ನನಗೆ ಪೂರ್ತಿ ಅರ್ಥವಾಯಿತು. ಆ ಬೀಗವನ್ನು ಒಡೆಯದೆ ತೆಗೆಯಬಲ್ಲ ಕಡ್ಡಿಗಳು ಮೈಸೂರಿನಲ್ಲಿ ಇದ್ದರೆ ನನ್ನ ಪೆಟ್ಟಿಗೆಯಲ್ಲಿ ಇದ್ದವು. ಪೆಟ್ಟಿಗೆ ನನ್ನ ಪಕ್ಕದಲ್ಲಿತ್ತು. ಎರಡು ಬೀಗದ ಕೈಗಳೂ ಒಳಗೆ. ಹೊರಗಿನವರಿಗೆ ಏನೇನೂ ಬಿಟ್ಟಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೆ.

ಎಷ್ಟು ಹೊತ್ತಾಯಿತೋ, ಗೌರಮ್ಮ ಊಟಕ್ಕೆ ಕರೆಯಲು ಬಂದು ಬಾಗಿಲು ಬಡಿದಳು. ನಾನು ಕಾಲಿನಿಂದ ಡಬ್ಬವೊಂದನ್ನು ಒದ್ದೆ. ಅವಳ ದನಿ ಬದಲಾಯಿತು. ಅಕ್ಕಪಕ್ಕದವರು ಬಂದರು. ಕಟ್ಟಡದ ಕೆಲಸದವರು ಹಾರೆ ತಂದು ಬಡಿದರು. ಪ್ರತಿ ಪೆಟ್ಟೂ ನನ್ನ ಎದೆಗೆ ಬೀಳುತ್ತಿತ್ತು. ಬಾಗಿಲು ಕದಲಲಿಲ್ಲ. ಹಾರೆಗೆ ಕದಲಬಾರದು ಎಂದೇ ಮಾಡಿಸಿದ್ದು.

ಇದ್ದಕ್ಕಿದ್ದಂತೆ ಸದ್ದು ನಿಂತಿತು. ಆಮೇಲೆ ತಿಳಿದದ್ದು, ಗೌರಮ್ಮ ನಿಂಗರಾಜುವಿಗೆ ಫೋನು ಮಾಡಿದ್ದಳು. ನಾನು ಹರಿದು ಹಾಕು ಎಂದಿದ್ದ ಅವನ ನಂಬರನ್ನು ಅವಳು ಫೋನಿಗೆ ಹಾಕಿಕೊಂಡಿದ್ದಳು. ಅವನು ಬಂದವನೇ ಮೆಷಿನ್ನು ನಿಲ್ಲಿಸಿ, ಯಾರೂ ಮಾತಾಡಬೇಡಿ ಎಂದನಂತೆ. ಬೀಗದೊಳಗೆ ಕಡ್ಡಿ ಇಳಿದ ಸಣ್ಣ ಸದ್ದು ನನಗೆ ಕೇಳಿಸಿತು. ಬದುಕಿಡೀ ಆ ಸದ್ದನ್ನು ಹೊರಗಿನಿಂದ ಕೇಳಿದವನು ನಾನು. ಒಳಗೆ ಬಿದ್ದವನಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಇಲಿ ಕೆರೆದಂತೆ ಇರುತ್ತದೆ. ನಿಂತುಹೋದರೆ ಉಸಿರು ನಿಂತಂತೆ ಆಗುತ್ತದೆ.

ಅವನ ಕಡ್ಡಿ ಒರಟು. ಅದೂ ಅಲ್ಲದೆ ಹೆದರಿದ ಕೈ ಬಿಗಿ ಹಿಡಿಯುತ್ತದೆ. ಅವನು ಬಿಗಿ ಹಿಡಿದಿದ್ದ. ಇನ್ನೊಂದು ಸ್ವಲ್ಪ ಒತ್ತಿದರೆ ಕಡ್ಡಿ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಗೋಡೆಯನ್ನೇ ಒಡೆಯಬೇಕು, ಅಷ್ಟು ಹೊತ್ತು ನಾನು ಇರುವುದಿಲ್ಲ. ಇಷ್ಟೂ ನನ್ನ ಕಿವಿಗೆ ತಿಳಿಯುತ್ತಿತ್ತು. ಇದ್ದ ಉಸಿರನ್ನೆಲ್ಲ ಕೂಡಿಸಿದೆ.

"ಸಡಿಲ," ಎಂದೆ.

ಬಾಗಿಲ ಆಚೆಯಿಂದ, ಕಿವಿಯ ಹತ್ತಿರವೇ ಮಾತಾಡಿದಂತೆ ಅವನ ದನಿ ಬಂತು. "ಆಯ್ತು ಸಾರ್. ಸಡಿಲ ಬುಟ್ಟಿದ್ದೀನಿ. ನೀವು ಮಲಗಿರಿ, ಮಾತಾಡ್ಬೇಡಿ."

ಮತ್ತೆ ಕೆರೆತ. ಸ್ವಲ್ಪ ಹೊತ್ತು ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಬೀಗ ಹಿಂದಕ್ಕೆ ಸರಿದ ಸದ್ದು, ಆಮೇಲೆ ಬೆಳಕು.

ಆಸ್ಪತ್ರೆಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದರು. ಕಣ್ಣು ಬಿಟ್ಟಾಗ ಸುಮಾ ಪಕ್ಕದಲ್ಲಿದ್ದಳು. ನಾನು ಮೊದಲು ಕೇಳಿದ್ದು ಷೆಡ್ಡಿನ ಬಗ್ಗೆಯೇ. ಬಾಗಿಲು ತೆರೆದೇ ಇದೆಯಲ್ಲ, ಪೆಟ್ಟಿಗೆ ನೆಲದ ಮೇಲೇ ಇದೆಯಲ್ಲ ಎಂದೆ. ಅವಳಿಗೆ ಕೋಪ ಬಂತು, ಕಣ್ಣಲ್ಲಿ ನೀರೂ ಬಂತು.

"ಅಪ್ಪಾ, ಎಲ್ರೂ ಆಸ್ಪತ್ರೆಗೆ ಬಂದ್ಬುಟ್ವಿ," ಎಂದಳು. "ಕಡ್ಡಿ ಹಾಕಿ ತೆಗೆದ ಬೀಗ ಮತ್ತೆ ಬೀಳ್ತಿರಲಿಲ್ಲ. ಆ ನಿಂಗರಾಜು ಅಂಗಡಿ ಮುಚ್ಚಿ ನಮ್ಮ ಷೆಡ್ಡಿನ ಹೊಸಿಲ ಮೇಲೇ ಕೂತಿದ್ರು. ಸಾಯಂಕಾಲ ನಾನು ಹೋಗಿ ಪೆಟ್ಟಿಗೆ ಮನೆಯೊಳಗೆ ಇಟ್ಕೊಂಡ ಮೇಲೇ ಎದ್ದು ಹೋದದ್ದು. ಒಳಗೆ ಕಾಲಿಟ್ಟಿಲ್ಲ ಅಂತ ಪಕ್ಕದ ಮನೆಯವರು ಹೇಳಿದ್ರು."

ಮನೆಗೆ ಬಂದ ಮೇಲೆ ಅವನನ್ನು ಕರೆಸಿದೆ. ಗೇಟಿನಲ್ಲಿ ಆಡಿದ ಮಾತನ್ನು ಮರೆತುಬಿಡು ಎಂದೆ. ಅವನು ನೆಲ ನೋಡುತ್ತ, ಇರಲಿ ಬಿಡಿ ಸಾರ್ ಎಂದ. ಪೆಟ್ಟಿಗೆಯನ್ನು ಅವನ ಮುಂದಿಟ್ಟು, ಇನ್ನು ಇದು ನಿನ್ನದು ಎಂದೆ. ಅವನು ಮುಚ್ಚಳ ತೆಗೆದ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ತುದಿ ನೋಡಿ, ಇದ್ದಲ್ಲೇ ಇಟ್ಟ. ಮುಚ್ಚಳ ಹಾಕಿ ನನ್ನ ಕಡೆಗೇ ಸರಿಸಿದ.

"ಬ್ಯಾಡಿ ಸಾರ್," ಎಂದ. "ಮೊದ್ಲು ಆಸೆ ಇತ್ತು. ಗಫೂರ್ ಸಾಹೇಬ್ರ ಮನೆ ವಿಷ್ಯ ಗೊತ್ತಾದ್ಮೇಲೆ ನಂಗೂ ಭಯ. ಇವು ನನ್ ಅಂಗಡೀಲಿ ಇದ್ರೆ, ಎಲ್ಲಿ ಕಳ್ಳತನ ಆದ್ರೂ ಮೊದ್ಲು ನನ್ ಮನೆಗೇ ಬತ್ತಾರೆ. ನೀವು ಕಂಪನೀಲಿ ಇದ್ದೋರು, ಮನೆ ಇದೆ, ನಾಲ್ಕು ಜನ ಗೊತ್ತು. ಸಂಜೆಗೆ ಬಿಟ್ ಕಳಿಸಿದ್ರು. ನನ್ ಪರ ಯಾರ್ ಹೇಳ್ತಾರೆ?"

ಅಷ್ಟು ದಿನ ನಾನು ಈ ಕಡ್ಡಿಗಳು ಕಳ್ಳನ ಕೈಗೆ ಹೋದರೆ ಏನು ಗತಿ ಎಂದು ಹೆದರಿದ್ದೆ. ಒಳ್ಳೆಯವನ ಕೈಗೆ ಹೋದರೆ ಅವನ ಗತಿ ಏನು ಎಂದು ಯೋಚಿಸಿಯೇ ಇರಲಿಲ್ಲ. ಗುಟ್ಟಾಗಿ ಕೊಟ್ಟರೆ ನನ್ನ ಭಯವನ್ನು ಅವನ ಹೆಗಲಿಗೆ ದಾಟಿಸಿದಂತೆ, ಅಷ್ಟೇ.

ಮತ್ತೆ ಒಂದು ವಾರ ಯೋಚಿಸಿ, ಅವನನ್ನು ಕರೆದುಕೊಂಡು ಅದೇ ಠಾಣೆಗೆ ಹೋದೆ. ಅದೇ ಇನ್‌ಸ್ಪೆಕ್ಟರು. ಪೆಟ್ಟಿಗೆಯನ್ನು ಅವರ ಮೇಜಿನ ಮೇಲಿಟ್ಟು ತೆಗೆದೆ. ಇವು ನನ್ನವು, ನನ್ನ ಕೈ ಅದುರುತ್ತದೆ, ಇವತ್ತಿನಿಂದ ಇವು ಇವರ ಹತ್ತಿರ ಇರುತ್ತವೆ, ನಾನು ಬದುಕಿರುವಾಗಲೇ, ನಿಮ್ಮ ಕಣ್ಣೆದುರಿಗೇ ಕೊಡುತ್ತಿದ್ದೇನೆ ಎಂದೆ. ನಿಮಗೆ ಬಾಗಿಲು ತೆಗೆಸುವ ಕೆಲಸ ಬಿದ್ದರೆ ಇವರನ್ನು ಕರೆಯಿರಿ, ಇವರ ಬಗ್ಗೆ ಏನಾದರೂ ಕೇಳಬೇಕಿದ್ದರೆ ನನ್ನನ್ನು ಕರೆಯಿರಿ ಎಂದೆ. ಇನ್‌ಸ್ಪೆಕ್ಟರು ಪೆಟ್ಟಿಗೆಯನ್ನು ನೋಡಿದರು, ನಿಂಗರಾಜುವನ್ನು ನೋಡಿದರು. ಅಂಗಡಿ ಎಲ್ಲಿ, ಊರು ಯಾವುದು ಎಂದು ಕೇಳಿ, ಅವನ ನಂಬರನ್ನು ತಮ್ಮ ಫೋನಿಗೆ ಹಾಕಿಕೊಂಡರು. "ಸರಿ, ಹುಷಾರಾಗಿ ಇಟ್ಕೊಳ್ರೀ," ಎಂದರು. ಹೊರಗೆ ಬಂದು ಇಬ್ಬರೂ ಟೀ ಅಂಗಡಿಯಲ್ಲಿ ಕೂತೆವು.

ಉಳಿದ ಸಾಮಾನು ಐಟಿಐಗೆ ಹೋಯಿತು. ಷೆಡ್ಡಿನ ಕಬ್ಬಿಣದ ಬಾಗಿಲನ್ನು ಕೀಳಿಸಿದೆ. ಈ ಕಸುಬಿನವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಕಡ್ಡಿಗಳನ್ನು ಯಾರಿಗೆ ಕೊಡಬೇಕೆಂದು ಕೈ ಗಟ್ಟಿಯಿರುವಾಗಲೇ ನೋಡಿಕೊಳ್ಳಿ. ಕೊಡುವುದನ್ನು ಹತ್ತು ಜನ ನೋಡಲಿ. ಕೊಟ್ಟ ಮೇಲೂ ಅವನ ಜೊತೆ ನಿಲ್ಲಿ. ಭಯ ಹೋಗುತ್ತದೆ ಎಂದು ಹೇಳಲಾರೆ. ನನ್ನದು ಪೂರ್ತಿ ಹೋಗಿಲ್ಲ.

ಮೊನ್ನೆ ನಿಂಗರಾಜು ಬೆಳಿಗ್ಗೆಯೇ ಸ್ಕೂಟರಿನಲ್ಲಿ ಮನೆಗೆ ಬಂದ. ಠಾಣೆಯಿಂದ ಫೋನು ಬಂದಿದೆ, ಏನೆಂದು ಹೇಳಲಿಲ್ಲ, ತಕ್ಷಣ ಬರಬೇಕಂತೆ ಎಂದ. ಹೆಂಡತಿಗೆ ಹೇಳದೆ ಬಂದಿದ್ದ. ನಾನು ಮಾತ್ರೆ ನುಂಗಿ ಅವನ ಹಿಂದೆ ಕೂತೆ. ಠಾಣೆಯಲ್ಲಿ ಇಬ್ಬರೂ ಅದೇ ಬೆಂಚಿನ ಮೇಲೆ ಕೂತೆವು. ಪೆಟ್ಟಿಗೆ ಅವನ ತೊಡೆಯ ಮೇಲಿತ್ತು, ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದ. ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಇನ್‌ಸ್ಪೆಕ್ಟರು ಟೋಪಿ ಹಾಕಿಕೊಳ್ಳುತ್ತ ಹೊರಗೆ ಬಂದರು. ಒಬ್ಬರು ಅಜ್ಜಿ ಎರಡು ದಿನದಿಂದ ಬಾಗಿಲು ತೆಗೆದಿಲ್ಲವಂತೆ, ಕರೆದರೆ ಒಳಗಿನಿಂದ ದನಿ ಬರುತ್ತಿದೆಯಂತೆ, ಬೇಗ ಹತ್ತಿ ಎಂದು ನಿಂಗರಾಜುವಿಗೆ ಹೇಳಿದರು. ಅವನು ಎದ್ದ. ನನ್ನ ಕಡೆ ನೋಡಿದ. ಹೋಗು ಎಂದೆ. ಜೀಪಿನಲ್ಲಿ ಇನ್‌ಸ್ಪೆಕ್ಟರ ಪಕ್ಕ ಕೂತು, ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುತ್ತಿದ್ದಂತೆಯೇ ಜೀಪು ಹೊರಟಿತು.

ನಾನು ಬೆಂಚಿನ ಮೇಲೆ ಹಾಗೇ ಕೂತಿದ್ದೆ. ಹೊಸದಾಗಿ ಬಂದಿದ್ದ ಪೇದೆಯೊಬ್ಬರು ನನ್ನ ಮುಂದೆ ನಿಂತು ಕೇಳಿದರು: "ಯಜಮಾನ್ರೇ, ನಿಮ್ದೇನು ಕೆಲ್ಸ ಇಲ್ಲಿ?"

"ಏನೂ ಇಲ್ಲಪ್ಪ," ಎಂದು ಹೇಳಿ ಎದ್ದು ಬಂದೆ.